ಆಪಲ್ ಟೂನಲ್ಲಿ ಸಾಫ್ಟ್‌ಕಾರ್ಡ್ ಏಳದಿದ್ದರೆ: ಝಡ್80 ಕಾರ್ಡಿನ ದೋಷ ಹುಡುಕುವ ಕ್ರಮ

ಯಂತ್ರ ತನ್ನಷ್ಟಕ್ಕೆ ಚೆನ್ನಾಗಿದೆ. ಬೇಸಿಕ್ ಬರುತ್ತದೆ, ಡಾಸ್ 3.3 ಡಿಸ್ಕ್ ಓದುತ್ತದೆ. ಸಿಪಿ/ಎಂ (ಝಡ್80 ಮೇಲೆ ಓಡುವ ಕಾರ್ಯಾಚರಣ ವ್ಯವಸ್ಥೆ) ಡಿಸ್ಕ್ ಹಾಕಿದರೆ ಮಾತ್ರ ಡ್ರೈವ್ ಸ್ವಲ್ಪ ಹೊತ್ತು ತಿರುಗಿ ಎಲ್ಲವೂ ಸ್ತಬ್ಧ. ಸಾಫ್ಟ್‌ಕಾರ್ಡ್ (ಆಪಲ್‌ಗೆ ಝಡ್80 ಎಂಬ ಎರಡನೇ ಪ್ರೊಸೆಸರ್ ಸೇರಿಸುವ ಕಾರ್ಡ್) ಇರುವ ಆಪಲ್ ಟೂ ಪ್ಲಸ್ ಅಥವಾ ಟೂಇ ಯಂತ್ರಗಳಲ್ಲಿ ಅತಿ ಹೆಚ್ಚು ಕಾಣುವ ದೂರು ಇದೇ. ಇದನ್ನು ಕಂಡ ಕೂಡಲೇ ಝಡ್80 ಚಿಪ್ ಕೀಳಲು ಹೋಗಬೇಡಿ, ಅದು ಕೊನೆಗೆ ಮಾಡುವ ಕೆಲಸ. ಡಿಸ್ಕ್ ಡ್ರೈವಿನ ಹಂಗೇ ಇಲ್ಲದೆ, ಕೀಲಿಮಣೆಯಿಂದ ಹನ್ನೊಂದು ಬೈಟ್ ಟೈಪ್ ಮಾಡಿ ಕಾರ್ಡ್ ಬದುಕಿದೆಯೋ ಇಲ್ಲವೋ ತಿಳಿಯಬಹುದು. ಈ ಬರಹದ ನಡುಭಾಗ ಅದೇ ಪರೀಕ್ಷೆ.

ಮೈಕ್ರೋಸಾಫ್ಟ್‌ನ ಈ ಕಾರ್ಡ್ 1980ರ ಮಾರ್ಚ್‌ನಲ್ಲಿ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್‌ನಲ್ಲಿ ಬೆಳಕಿಗೆ ಬಂತು. ಬೆಲೆ 349 ಡಾಲರ್. ಅದು ಆ ಕಂಪನಿಯ ಮೊದಲ ಹಾರ್ಡ್‌ವೇರ್. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ ಟಿಮ್ ಪ್ಯಾಟರ್ಸನ್ ಮೊದಲ ಮಾದರಿಗಳನ್ನು ಕಟ್ಟಿದರು, ಡಾನ್ ಬರ್ಟಿಸ್ ವಿನ್ಯಾಸವನ್ನು ಪೂರ್ತಿಗೊಳಿಸಿದರು. ಆಮೇಲೆ ಬಂದ ನಕಲು ಕಾರ್ಡುಗಳು ಬಹಳ. ಮೂಲ ವಿನ್ಯಾಸವನ್ನೇ ಅನುಸರಿಸಿದ ನಕಲುಗಳಿಗೂ ಇಲ್ಲಿನ ಪರೀಕ್ಷೆಗಳು ಹೊಂದುತ್ತವೆ. ಕೆಲವು ನಕಲುಗಳಲ್ಲಿ ಡಿಪ್ ಸ್ವಿಚ್ ಮಾತ್ರ ಇರುವುದಿಲ್ಲ.

ಕಾರ್ಡ್ ಮಾಡುವ ಕೆಲಸ ಏನು

ಇದನ್ನು ತಿಳಿಯದೆ ಹುಡುಕಿದರೆ ದಾರಿ ತಪ್ಪುತ್ತದೆ. ಸಾಫ್ಟ್‌ಕಾರ್ಡಿನಲ್ಲಿ ಸ್ವಂತ ರ‍್ಯಾಮ್ ಇಲ್ಲ, ರಾಮ್ (ಓದಲು ಮಾತ್ರದ ಸ್ಮೃತಿ) ಇಲ್ಲ, ಕೀಲಿಮಣೆಯ ಅಥವಾ ಡಿಸ್ಕಿನ ಪೋರ್ಟ್ ಇಲ್ಲ. ಇರುವುದು ಝಡ್80 ಪ್ರೊಸೆಸರ್, ಬಸ್ಸಿನ (ಡೇಟಾ, ವಿಳಾಸ ಸಾಗಿಸುವ ಗೆರೆಗಳ) ಬಫರುಗಳು, ಗಡಿಯಾರ ಹೊಂದಿಸುವ ಭಾಗ, ವಿಳಾಸ ಬದಲಿಸುವ ಭಾಗ ಮತ್ತು ಯಾರ ಸರದಿ ಎಂದು ನೆನಪಿಡುವ ಒಂದು ಫ್ಲಿಪ್-ಫ್ಲಾಪ್, ಇಷ್ಟೇ. ಉಳಿದದ್ದೆಲ್ಲ ಆಪಲ್‌ನದು. ಒಂದೇ ಒಲೆಯಲ್ಲಿ ಸರದಿಯ ಮೇಲೆ ಅಡುಗೆ ಮಾಡುವ ಇಬ್ಬರ ಹಾಗೆ ಆಪಲ್‌ನ ಸ್ವಂತ ಪ್ರೊಸೆಸರ್ 6502 ಮತ್ತು ಝಡ್80 ಒಂದೇ ಬಸ್ಸನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಕಾರ್ಡ್ ಕೆಟ್ಟಿದೆ ಎಂದು ಕಾಣುವ ಎಷ್ಟೋ ಸಲ ನಿಜವಾದ ದೋಷ ಆಪಲ್‌ನ ಮದರ್‌ಬೋರ್ಡಿನಲ್ಲಿ, ಪಕ್ಕದ ಕಾರ್ಡಿನಲ್ಲಿ ಅಥವಾ ಡಿಸ್ಕಿನಲ್ಲಿ ಇರುತ್ತದೆ.

ಸರದಿ ಬದಲಾಗುವ ಬಗೆ ಹೀಗೆ. ಕಾರ್ಡ್ 4ನೇ ಸ್ಲಾಟಿನಲ್ಲಿದ್ದರೆ 6502 ಸಿ400 ಎಂಬ ವಿಳಾಸಕ್ಕೆ ಏನನ್ನಾದರೂ ಬರೆಯಬೇಕು. ಬರೆದ ಮೌಲ್ಯ ಮುಖ್ಯವಲ್ಲ, ಬರೆದದ್ದೇ ಮುಖ್ಯ. ಫ್ಲಿಪ್-ಫ್ಲಾಪ್ ತಿರುಗಿ ಡಿಎಂಎ ಗೆರೆ ಕೆಳಗಿಳಿಯುತ್ತದೆ, 6502 ಬಸ್ಸಿನಿಂದ ಸರಿಯುತ್ತದೆ, ಝಡ್80 ಓಡತೊಡಗುತ್ತದೆ. ಹಿಂತಿರುಗಲು ಝಡ್80 ಇ400ಕ್ಕೆ ಬರೆಯುತ್ತದೆ. 5ನೇ ಸ್ಲಾಟಾದರೆ ಸಿ500 ಮತ್ತು ಇ500, 7ನೆಯದಾದರೆ ಸಿ700 ಮತ್ತು ಇ700.

(ಹದಿನಾರರ ಅಂಕೆಗಳನ್ನು ಇಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂದು ಬರೆದಿದೆ. ಯಂತ್ರದಲ್ಲಿ ಆಯಾ ಇಂಗ್ಲಿಷ್ ಅಕ್ಷರವನ್ನೇ ಒತ್ತಿ.)

ಒಂದೇ ಜಾಗಕ್ಕೆ ಎರಡು ವಿಳಾಸ ಏಕೆಂದರೆ, 6502ಗೆ ಸ್ಮೃತಿಯ ತಳಭಾಗ ಬೇಕು, ಅದರ ಸೊನ್ನೆ ಪುಟವೂ ಸ್ಟ್ಯಾಕೂ ಅಲ್ಲೇ ಇವೆ. ಸಿಪಿ/ಎಂಗೂ ತಳಭಾಗವೇ ಬೇಕು. ಜಗಳ ತಪ್ಪಿಸಲು ಕಾರ್ಡ್ ವಿಳಾಸದ ಮೊದಲ ಅಂಕೆಯನ್ನು ಬದಲಿಸುತ್ತದೆ:

ಝಡ್80ಯ 0ರಿಂದ ಎವರೆಗೆ → ಆಪಲ್‌ನಲ್ಲಿ ಒಂದು ಹೆಚ್ಚು, ಅಂದರೆ 1ರಿಂದ ಬಿವರೆಗೆ
ಝಡ್80ಯ ಬಿ, ಸಿ, ಡಿ → ಆಪಲ್‌ನ ಡಿ, ಇ, ಎಫ್
ಝಡ್80ಯ ಇ → ಆಪಲ್‌ನ ಸಿ
ಝಡ್80ಯ ಎಫ್ → ಆಪಲ್‌ನ 0

ಹೀಗಾಗಿ ಝಡ್80ಯ 0000 ಎಂದರೆ ಆಪಲ್‌ನ 1000. ಈ ಪಟ್ಟಿಯನ್ನು ಬರೆದು ಪಕ್ಕದಲ್ಲಿಟ್ಟುಕೊಳ್ಳಿ, ಮುಂದೆ ಹೆಜ್ಜೆಹೆಜ್ಜೆಗೂ ಬೇಕು.

ಚಾಲೂ ಮಾಡುವ ಮುನ್ನ

ಅಮೆರಿಕದಿಂದ ತರಿಸಿದ ಯಂತ್ರವಾದರೆ ಪವರ್ ಸಪ್ಲೈ ಲೇಬಲ್ ಓದಿ. ಹಲವು 110 ವೋಲ್ಟಿನ ಮಾದರಿಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುವುದಿಲ್ಲ. ನಮ್ಮ 230 ವೋಲ್ಟಿಗೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸಿಕ್ಕಿಸಬಾರದು.

ಕಾರ್ಡಿನ ಚಿಪ್ಪುಗಳಿರುವ ಮುಖ ಬಲಕ್ಕೆ, ಅಂದರೆ ಪವರ್ ಸಪ್ಲೈಗೆ ವಿರುದ್ಧ ದಿಕ್ಕಿಗೆ ಇರಬೇಕು. ಸ್ಲಾಟಿನಲ್ಲಿ 25ನೇ ಪಿನ್ +5 ವೋಲ್ಟ್, 50ನೇ ಪಿನ್ +12 ವೋಲ್ಟ್, ಎರಡೂ ಕರ್ಣದ ಎದುರುಬದುರು ತುದಿಗಳಲ್ಲಿವೆ. ಕಾರ್ಡನ್ನು ತಿರುಗುಮುರುಗಾಗಿ ಹಾಕಿದರೆ ಅದರ 5 ವೋಲ್ಟಿನ ಗೆರೆಗೆ 12 ವೋಲ್ಟ್ ಸೇರುತ್ತದೆ. ಆಮೇಲೆ ರಿಪೇರಿ ಎಂದರೆ ಚಿಪ್ಪುಗಳನ್ನು ಒಂದೊಂದಾಗಿ ಬದಲಿಸುವುದೇ.

ಕಾರ್ಡ್ ಹೊರಗಿರುವಾಗಲೇ ಮಲ್ಟಿಮೀಟರ್‌ನಿಂದ ಅದರ 25 ಮತ್ತು 26ನೇ ಸಂಪರ್ಕಗಳ ನಡುವಿನ ರೋಧ ಅಳೆಯಿರಿ. 26 ನೆಲದ ಗೆರೆ. 5 ಓಮ್‌ಗಿಂತ ಕಡಿಮೆ ಬಂದರೆ ಶಾರ್ಟ್ ಇದೆ, ಸ್ಲಾಟಿಗೆ ಹಾಕಬೇಡಿ. ಟ್ಯಾಂಟಲಮ್ ಕೆಪಾಸಿಟರ್ ಇದ್ದರೆ ಮೊದಲು ಅದರ ಮೇಲೆ ಅನುಮಾನ ಇಡಿ: ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಿ ಮತ್ತೆ ಅಳೆಯಿರಿ. ಶಾರ್ಟ್ ಇರುವ ಕಾರ್ಡ್ ಹಾಕಿ ಚಾಲೂ ಮಾಡಿದರೆ ಆಪಲ್‌ನ ಸಪ್ಲೈ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆರಿ ಹೊತ್ತಿ ಟಿಕ್ ಟಿಕ್ ಎನ್ನುತ್ತದೆ. ಪರದೆ ಬರುವುದೇ ಇಲ್ಲ.

ಸಂಪರ್ಕ ಪಟ್ಟಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಗಡಸು ರಬ್ಬರಿನಿಂದ ಉಜ್ಜಿದರೆ ಚಿನ್ನದ ಲೇಪ ಹೋಗುತ್ತದೆ, ಆಮೇಲೆ ಪ್ರತಿ ಮಳೆಗಾಲಕ್ಕೂ ಅದೇ ತೊಂದರೆ ಮರಳುತ್ತದೆ. ಕರಾವಳಿಯ ತೇವದಲ್ಲಿ ಇಟ್ಟ ಯಂತ್ರಗಳಿಗೆ ಇದು ವಿಶೇಷವಾಗಿ ಸಲ್ಲುತ್ತದೆ. ಸಾಕೆಟ್ಟಿನಲ್ಲಿ ಕೂತ ಚಿಪ್ಪುಗಳನ್ನು ಬೆರಳಿನಿಂದ ಸಮನಾಗಿ ಒತ್ತಿ. ಒಂದು ತುದಿ ಮೇಲೆದ್ದ ಚಿಪ್ ಸಿಕ್ಕರೆ ಆಶ್ಚರ್ಯವಿಲ್ಲ.

ಇನ್ನು ಡಿಪ್ ಸ್ವಿಚ್. ನಾಲ್ಕೂ ಆಫ್ ಇರಬೇಕು. ಮೊದಲನೆಯದು ವಿಳಾಸ ಬದಲಿಸುವುದಕ್ಕೆ (ಆಫ್ ಎಂದರೆ ಬದಲಾವಣೆ ಜಾರಿಯಲ್ಲಿದೆ), ಎರಡನೆಯದು ಡಿಎಂಎ ಸರಪಳಿಗೆ, ಮೂರು ಮತ್ತು ನಾಲ್ಕು ಇಂಟರಪ್ಟುಗಳಿಗೆ. ಮೊದಲ ಸ್ವಿಚ್ ಯಾರದೋ ಕೈ ತಗುಲಿ ಆನ್ ಆಗಿದ್ದರೆ ಝಡ್80ಯ 0000 ಆಪಲ್‌ನ 0000ವೇ ಆಗಿಬಿಡುತ್ತದೆ. ಕಾರ್ಡ್ ಪೂರ್ಣ ಆರೋಗ್ಯವಾಗಿದ್ದರೂ ಸತ್ತಂತೆ ಕಾಣುತ್ತದೆ. ಹಳೆಯ ಸ್ವಿಚ್ಚುಗಳ ಒಳಸಂಪರ್ಕ ಕಪ್ಪಾಗುವುದೂ ಉಂಟು, ಪ್ರತಿಯೊಂದನ್ನೂ ಹತ್ತಿಪ್ಪತ್ತು ಸಲ ಆಚೀಚೆ ಮಾಡಿ ಆಫ್‌ಗೆ ತನ್ನಿ.

ಡಿಸ್ಕ್ ಇಲ್ಲದೆ ಪರೀಕ್ಷೆ

ವಿದ್ಯುತ್ ಆರಿಸಿ. ಸಾಫ್ಟ್‌ಕಾರ್ಡ್ ಒಂದನ್ನು 4ನೇ ಸ್ಲಾಟಿನಲ್ಲಿ ಬಿಟ್ಟು ಉಳಿದ ಎಲ್ಲ ಕಾರ್ಡುಗಳನ್ನು ತೆಗೆಯಿರಿ, ಡಿಸ್ಕ್ ಕಂಟ್ರೋಲರ್ ಕೂಡ. ಚಾಲೂ ಮಾಡಿದರೆ ಯಂತ್ರ ನೇರ ಬೇಸಿಕ್‌ಗೆ ಬರುತ್ತದೆ. ಕಾಲ್ -151 ಎಂದು ಕೊಟ್ಟು ಮಾನಿಟರಿಗೆ (ಸ್ಮೃತಿಯನ್ನು ನೇರ ಓದಿ ಬರೆಯಲು ಬಿಡುವ ಆಪಲ್‌ನ ಒಳಪ್ರೋಗ್ರಾಮಿಗೆ) ಹೋಗಿ. ನಕ್ಷತ್ರ ಚಿಹ್ನೆ ಬಂದ ಮೇಲೆ:

1000:3ಇ 5ಎ 32 00 10 32 00 ಇ4 ಸಿ3 00 00
2000:00
ಸಿ400:00
2000

ಮೊದಲ ಸಾಲು ಝಡ್80ಗೆ ಒಂದು ಪುಟ್ಟ ಪ್ರೋಗ್ರಾಂ: 5ಎ ಎಂಬ ಮೌಲ್ಯವನ್ನು ಎತ್ತಿಕೋ, ನಿನ್ನ 1000ದಲ್ಲಿ ಇಡು (ಆಪಲ್‌ಗೆ ಅದು 2000), ಇ400ಕ್ಕೆ ಬರೆದು 6502ಗೆ ಸರದಿ ಬಿಡು, ಮತ್ತೆ ಕರೆದಾಗ 0000ಕ್ಕೆ ಹೋಗು. ರೀಸೆಟ್ ಆದ ಝಡ್80 ಯಾವಾಗಲೂ 0000ದಿಂದ ಶುರುಮಾಡುವುದರಿಂದ ಪ್ರೋಗ್ರಾಂ ಅಲ್ಲೇ ಕೂರಬೇಕು. ಎರಡನೇ ಸಾಲು ಗುರಿಯ ಜಾಗವನ್ನು ಸೊನ್ನೆ ಮಾಡುತ್ತದೆ. ಮೂರನೆಯದು ಸರದಿ ಬದಲಿಸುತ್ತದೆ. ನಾಲ್ಕನೆಯದು ಫಲ ತೋರಿಸುತ್ತದೆ.

ನಾಲ್ಕು ಬಗೆಯ ಉತ್ತರ ಬರಬಹುದು.

ನಕ್ಷತ್ರ ಚಿಹ್ನೆ ಮರಳಿ ಬಂದು 2000ದಲ್ಲಿ 5ಎ ಇದ್ದರೆ, ಕಾರ್ಡಿನ ಮುಖ್ಯ ಭಾಗಗಳೆಲ್ಲ ಬದುಕಿವೆ. ರೀಸೆಟ್ ಒತ್ತದೆ ಎರಡನೇ ಮತ್ತು ಮೂರನೇ ಸಾಲನ್ನು ಮತ್ತೆ ಐದಾರು ಸಲ ಕೊಡಿ, ಪ್ರತಿ ಸಲವೂ 5ಎ ಬರಬೇಕು. ಮೊದಲ ಸಲ ಬಂದು ಆಮೇಲೆ ನಿಂತರೆ ಝಡ್80 ಕಾಯುವ ಹೊತ್ತಿನಲ್ಲಿ ತನ್ನ ಸ್ಥಿತಿ ಕಳೆದುಕೊಳ್ಳುತ್ತಿದೆ. ಗಡಿಯಾರದ ಭಾಗವನ್ನೂ 5 ವೋಲ್ಟನ್ನೂ ನೋಡಿ.

ಚಿಹ್ನೆ ಬಂದಿದೆ, ಆದರೆ 2000ದಲ್ಲಿ ಇನ್ನೂ 00. ಹಾಗಿದ್ದರೆ ಸರದಿ ಬದಲಾಗಲೇ ಇಲ್ಲ, 6502 ತನ್ನ ಪಾಡಿಗೆ ನಡೆದಿದೆ. ಸ್ಲಾಟಿನ 1ನೇ ಪಿನ್ನಿನ ಆಯ್ಕೆ ಸಂಕೇತ ಅಥವಾ 18ನೇ ಪಿನ್ನಿನ ಓದು-ಬರಹ ಸಂಕೇತ ಕಾರ್ಡಿಗೆ ತಲುಪುತ್ತಿಲ್ಲ, ಇಲ್ಲವೇ ಫ್ಲಿಪ್-ಫ್ಲಾಪ್ ಸತ್ತಿದೆ. ಕಾರ್ಡನ್ನು 5ನೇ ಸ್ಲಾಟಿಗೆ ಸರಿಸಿ, ಪ್ರೋಗ್ರಾಮಿನ ಇ4 ಅನ್ನು ಇ5 ಮಾಡಿ, ಸಿ500ಕ್ಕೆ ಬರೆದು ನೋಡಿ. ಅಲ್ಲಿ ನಡೆದರೆ ದೋಷ 4ನೇ ಸ್ಲಾಟಿನದು.

ಚಿಹ್ನೆ ಬಂದಿದೆ, ಮೌಲ್ಯ ಮಾತ್ರ 5ಬಿ ಅಥವಾ 1ಎ ಹೀಗೆ ಬೇರೆ. ಈ ಉತ್ತರ ತುಂಬ ಉಪಯುಕ್ತ. ಪ್ರೋಗ್ರಾಂ ತಪ್ಪಿಲ್ಲದೆ ಓಡಿದೆ ಎಂದರೆ ಝಡ್80 ಸ್ಮೃತಿಯಿಂದ ಓದಿದ್ದು ಸರಿಯಾಗಿದೆ. ಕೆಟ್ಟಿರುವುದು ಬರೆಯುವ ದಿಕ್ಕಿನ ಡೇಟಾ ಬಫರ್. 5ಎ ಜಾಗದಲ್ಲಿ ಎ5 ಹಾಕಿ ಇನ್ನೊಮ್ಮೆ ನಡೆಸಿ: ಎರಡೂ ಸೇರಿ ಎಂಟೂ ಬಿಟ್ಟುಗಳನ್ನು 0 ಮತ್ತು 1 ಎರಡರಲ್ಲೂ ಪರೀಕ್ಷಿಸುತ್ತವೆ. ಯಾವ ಬಿಟ್ ಅಂಟಿಕೊಂಡಿದೆ ಎಂದು ನಿಖರವಾಗಿ ಗೊತ್ತಾಗುತ್ತದೆ. ಡೇಟಾ ಗೆರೆಗಳು ಸ್ಲಾಟಿನ 42ರಿಂದ 49ನೇ ಪಿನ್ನುಗಳಲ್ಲಿವೆ, 42 ಎಂದರೆ ಏಳನೇ ಬಿಟ್, 49 ಎಂದರೆ ಸೊನ್ನೆಯ ಬಿಟ್.

ಚಿಹ್ನೆ ಬರಲೇ ಇಲ್ಲ, ಯಂತ್ರ ಸಿಕ್ಕಿಕೊಂಡಿತು. ಝಡ್80 ಬಸ್ಸು ಹಿಡಿದಿದೆ, ಸರಿಯಾಗಿ ಓಡುತ್ತಿಲ್ಲ. ಕಂಟ್ರೋಲ್-ರೀಸೆಟ್ ಒತ್ತಿ. ರೀಸೆಟ್ಟಿಗೆ ಫ್ಲಿಪ್-ಫ್ಲಾಪ್ 6502 ಕಡೆಗೆ ಮರಳಬೇಕು. ಬೇಸಿಕ್ ಬಂದರೆ ಆ ಭಾಗ ಚೆನ್ನಾಗಿದೆ. ರೀಸೆಟ್ಟಿಗೂ ಮಣಿಯದಿದ್ದರೆ ಕಾರ್ಡ್ ಡಿಎಂಎ ಗೆರೆಯನ್ನು ಬಿಡುತ್ತಿಲ್ಲ. 22ನೇ ಪಿನ್ ಅಳೆಯಿರಿ: 6502 ಓಡುವಾಗ ಅದು ಮೇಲೆ ಇರಬೇಕು, 2.4 ವೋಲ್ಟಿಗಿಂತ ಕಡಿಮೆ ಇರಕೂಡದು.

ಸಿಕ್ಕಿಕೊಂಡಾಗ ಒಳಗೆ ನೋಡುವುದು

ಇಲ್ಲಿಂದ ಆಸಿಲೋಸ್ಕೋಪ್ ಬೇಕು. 1000:ಸಿ3 00 00 ಎಂದು ಕೊಡಿ. ಇದು ತನ್ನಲ್ಲೇ ಸುತ್ತುವ ಪ್ರೋಗ್ರಾಂ. ಆಮೇಲೆ ಸಿ400:00. ಝಡ್80 ಈಗ ನಿಲ್ಲದೆ ಓಡುತ್ತಿರಬೇಕು.

ಝಡ್80ಯ 11ನೇ ಕಾಲಿನಲ್ಲಿ 4.75ರಿಂದ 5.25 ವೋಲ್ಟ್ ಇದೆಯೇ ನೋಡಿ, 29 ನೆಲ. 6ನೇ ಕಾಲು ಗಡಿಯಾರ, ಸುಮಾರು 2.04 ಮೆಗಾಹರ್ಟ್ಸ್, ಅಂದರೆ 6502ಯ ವೇಗದ ಎರಡರಷ್ಟು. ಆಪಲ್ ತನ್ನ ಬಣ್ಣದ ಸಂಕೇತಕ್ಕಾಗಿ ಪ್ರತಿ ಸಾಲಿಗೊಮ್ಮೆ ಒಂದು ಆವರ್ತವನ್ನು ಹಿಗ್ಗಿಸುವುದರಿಂದ ಅಲೆ ಅಲ್ಲಲ್ಲಿ ಸಮವಾಗಿ ಕಾಣದು, ಅದು ದೋಷವಲ್ಲ. ಅಲೆಯ ಮೇಲ್ಮಟ್ಟ ಮಾತ್ರ ಮುಖ್ಯ. ಝಡ್80 ತನ್ನ ಗಡಿಯಾರ ಬಹುತೇಕ 5 ವೋಲ್ಟಿನವರೆಗೆ, ಸಪ್ಲೈಗಿಂತ 0.6 ವೋಲ್ಟ್ ಕೆಳಗಿನ ಮಟ್ಟಕ್ಕಾದರೂ ಏರಬೇಕೆಂದು ಬಯಸುತ್ತದೆ. ಮಾಮೂಲಿ ಟಿಟಿಎಲ್ ಚಿಪ್ಪಿನ 3.5 ವೋಲ್ಟ್ ಸಾಲದು. ಅಲ್ಲಿರುವ ಪುಲ್-ಅಪ್ ರೆಸಿಸ್ಟರ್ ಒಡೆದಿದ್ದರೆ ಅಥವಾ ಬೆಸುಗೆ ಸಡಿಲವಾಗಿದ್ದರೆ ಕಾರ್ಡ್ ತಣ್ಣಗಿದ್ದಾಗ ನಡೆದು ಬಿಸಿಯಾದ ಮೇಲೆ ನಿಲ್ಲುತ್ತದೆ. ಹತ್ತಿಪ್ಪತ್ತು ನಿಮಿಷ ವರ್ಡ್‌ಸ್ಟಾರ್ (ಸಿಪಿ/ಎಂನ ಬರವಣಿಗೆ ಪ್ರೋಗ್ರಾಂ) ನಡೆದು ಆಮೇಲೆ ಸಿಕ್ಕಿಕೊಳ್ಳುವ ಕಾರ್ಡುಗಳಲ್ಲಿ ಇದನ್ನು ಮೊದಲು ನೋಡಿ.

26ನೇ ಕಾಲು ರೀಸೆಟ್, ಓಡುವಾಗ ಮೇಲೆ ಇರಬೇಕು. 27ನೇ ಕಾಲಿನಲ್ಲಿ ಆದೇಶ ತರುವ ಸಂಕೇತ, 28ರಲ್ಲಿ ರಿಫ್ರೆಶ್, ಎರಡರಲ್ಲೂ ಒಂದೇ ಸಮನೆ ಮಿಡಿತ ಇರಬೇಕು. 18ನೇ ಕಾಲು ಹಾಲ್ಟ್. ಅದು ಕೆಳಗೆ ಬಿದ್ದಿದ್ದರೆ ಝಡ್80 ಎಲ್ಲೋ 76 ಎಂಬ ಬೈಟನ್ನು ಓದಿ ಮಲಗಿದೆ, ನಾವು ಕೊಟ್ಟ ಪ್ರೋಗ್ರಾಮಿನಲ್ಲಿ 76 ಇಲ್ಲ. ಅಂದರೆ ಚಿಪ್ ಜೀವಂತ, ಅದು ನೋಡುತ್ತಿರುವ ಡೇಟಾ ಅಥವಾ ವಿಳಾಸ ತಪ್ಪು.

ರಿಫ್ರೆಶ್ ಸಂಕೇತಕ್ಕೆ ಇಲ್ಲಿ ಇನ್ನೊಂದು ಹೊಣೆಯಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆ ಕಾಲದ 6502 ತನ್ನ ರಿಜಿಸ್ಟರುಗಳನ್ನು ಗಡಿಯಾರ ಮಿಡಿಯುತ್ತಿದ್ದರಷ್ಟೇ ಉಳಿಸಿಕೊಳ್ಳುತ್ತದೆ. ಬಹಳ ಹೊತ್ತು ನಿಲ್ಲಿಸಿದರೆ ಮರೆತುಬಿಡುತ್ತದೆ. ಅದಕ್ಕಾಗಿ ಸಾಫ್ಟ್‌ಕಾರ್ಡ್ ಝಡ್80ಯ ರಿಫ್ರೆಶ್ ಹೊತ್ತಿನಲ್ಲಿ 6502ಗೆ ಒಂದೊಂದು ಮಿಡಿತ ಬಿಟ್ಟುಕೊಡುತ್ತದೆ. ಝಡ್80 ಓಡುವಾಗ 22ನೇ ಪಿನ್ ಪೂರ್ತಿ ಸೊನ್ನೆಯಲ್ಲಿ ನಿಲ್ಲದೆ ಆಗಾಗ ಮೇಲೇಳುವುದು ಇದರಿಂದಲೇ. ಈ ಏರ್ಪಾಡು ಕೆಟ್ಟರೆ ವಿಚಿತ್ರ ಲಕ್ಷಣ ಬರುತ್ತದೆ: ನಮ್ಮ ಹನ್ನೊಂದು ಬೈಟಿನ ಪರೀಕ್ಷೆ ಪಾಸಾಗುತ್ತದೆ, ಏಕೆಂದರೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಝಡ್80 ದೀರ್ಘ ಕಾಲ ಲೆಕ್ಕ ಮಾಡಿ ಡಿಸ್ಕ್ ಅಥವಾ ಕೀಲಿಮಣೆಗಾಗಿ 6502ಯನ್ನು ಕರೆದಾಗ ಯಂತ್ರ ಬೀಳುತ್ತದೆ. ಅಂಥಲ್ಲಿ 28ನೇ ಕಾಲಿನಿಂದ ಡಿಎಂಎ ಮತ್ತು 21ನೇ ಪಿನ್ನಿನ ರೆಡಿ ಗೆರೆಗಳವರೆಗಿನ ದಾರಿಯನ್ನು ಹಿಂಬಾಲಿಸಿ.

ಎಲ್ಲ ಸ್ಲಾಟಿನಲ್ಲೂ ಒಂದೇ ದೋಷವಾದರೆ

ಕಾರ್ಡನ್ನು ಇನ್ನೊಂದು ಆಪಲ್‌ನಲ್ಲಿ ಹಾಕಿ ನೋಡಿ. ಅಲ್ಲಿ ಸಲೀಸಾಗಿ ನಡೆದರೆ ಮದರ್‌ಬೋರ್ಡ್ ಕಡೆ ತಿರುಗಿ. 6502 ಮತ್ತು ಬಸ್ಸಿನ ನಡುವೆ ಟೂ ಪ್ಲಸ್ಸಿನಲ್ಲಿ ಎಚ್3, ಎಚ್4, ಎಚ್5 ಜಾಗಗಳಲ್ಲಿ 8ಟಿ97 ಚಿಪ್ಪುಗಳಿವೆ. ಡಿಎಂಎ ಗೆರೆ ಇಳಿದಾಗ ಇವು ಬಸ್ಸನ್ನು ಬಿಟ್ಟುಕೊಡಬೇಕು. ಒಂದು ಚಿಪ್ ಬಿಟ್ಟುಕೊಡದೆ ಹಿಡಿದುಕೊಂಡರೆ ಎರಡು ಪ್ರೊಸೆಸರುಗಳೂ ಒಂದೇ ಗೆರೆಯನ್ನು ಎಳೆದಾಡುತ್ತವೆ. ಮಾಮೂಲಿ ಬಳಕೆಯಲ್ಲಿ 6502 ಎಂದೂ ಬಸ್ಸು ಬಿಡಬೇಕಾಗಿಲ್ಲ, ಹಾಗಾಗಿ ಈ ದೋಷ ವರ್ಷಗಟ್ಟಲೆ ಅಡಗಿರಬಲ್ಲದು. ಸ್ಕೋಪಿನಲ್ಲಿ ಆ ವಿಳಾಸ ಗೆರೆ 0.4 ಮತ್ತು 2.4 ವೋಲ್ಟುಗಳ ನಡುವೆ, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಮಟ್ಟದಲ್ಲಿ ತೇಲುವುದು ಕಂಡರೆ ಚಿಪ್ ಸಿಕ್ಕಿತು ಎಂದೇ ಲೆಕ್ಕ. 8ಟಿ97 ಸಿಗದಿದ್ದರೆ ಅದೇ ಕಾಲುಗಳ ಜೋಡಣೆಯ 74ಎಲ್‌ಎಸ್367 ಹಾಕಬಹುದು.

ವಿಳಾಸದ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸುವುದೂ ಸುಲಭ. 2000:00 ಕೊಟ್ಟು, ಆಮೇಲೆ 2001<2000.20ಎಫ್‌ಇಎಂ ಎಂದು ಕೊಟ್ಟರೆ (ಕೊನೆಯ ಅಕ್ಷರ ಎಂ, ಮೂವ್ ಆದೇಶದ್ದು) ಆ ಪುಟವೆಲ್ಲ ಸೊನ್ನೆಯಾಗುತ್ತದೆ. ಹನ್ನೊಂದು ಬೈಟಿನಲ್ಲಿ ನಾಲ್ಕನೆಯದು ಗುರಿ ವಿಳಾಸದ ಕೆಳಭಾಗ. ಅದನ್ನು 01, 02, 04, 08, 10, 20, 40, 80 ಎಂದು ಬದಲಿಸುತ್ತ ಪ್ರತಿ ಸಲವೂ ನಡೆಸಿ, ಕೊನೆಗೆ 2000.20ಎಫ್‌ಎಫ್ ಎಂದು ಇಡೀ ಪುಟ ನೋಡಿ. 5ಎ ಎಂಟು ಕಡೆ, ಸರಿಯಾಗಿ ಆಯಾ ಜಾಗದಲ್ಲಿ ಇರಬೇಕು. 2010ರಲ್ಲಿ ಕಾಣಬೇಕಾದದ್ದು 2000ದಲ್ಲಿ ಕಂಡರೆ (ಸೊನ್ನೆಯಿಂದ ಎಣಿಸಿದಾಗ) ನಾಲ್ಕನೇ ವಿಳಾಸ ಗೆರೆ ಸೊನ್ನೆಗೆ ಅಂಟಿದೆ.

ಮೇಲ್ಭಾಗದ ಬದಲಾವಣೆ ಸರಿಯಿದೆಯೇ ಎಂದು ಕಣ್ಣಿಗೆ ಕಾಣುವಂತೆ ನೋಡಬೇಕಾದರೆ ಪರದೆಗೆ ಬರೆಸಿ:

1000:3ಇ ಸಿ1 32 00 ಎಫ್4 32 00 ಇ4 ಸಿ3 00 00

ಝಡ್80ಯ ಎಫ್400 ಆಪಲ್‌ನ 0400, ಅಂದರೆ ಪರದೆಯ ಎಡ ಮೇಲ್ಮೂಲೆ. ನಡೆಸಿದಾಗ ಅಲ್ಲಿ ಇಂಗ್ಲಿಷಿನ ಎ ಅಕ್ಷರ ಮೂಡಬೇಕು. ಪರದೆ ಮೇಲಕ್ಕೆ ಜರುಗಿದರೆ ಅದು ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಬೇಸಿಕ್‌ಗೆ ಹೋಗಿ ಹೋಮ್ ಕೊಟ್ಟು ಪರದೆ ಖಾಲಿ ಮಾಡಿಕೊಳ್ಳಿ.

ಕಾರ್ಡ್ ಪಾಸಾಗಿ ಸಿಪಿ/ಎಂ ಬಾರದಿದ್ದರೆ

ಈಗ ಡಿಸ್ಕ್ ಕಂಟ್ರೋಲರನ್ನು 6ನೇ ಸ್ಲಾಟಿಗೆ ಹಾಕಿ. ಮೊದಲು ಹದಿಮೂರು ಸೆಕ್ಟರಿನ ಡಿಸ್ಕೋ ಹದಿನಾರರದೋ ನೋಡಿ. ಸಿಪಿ/ಎಂ ಎರಡರಲ್ಲೂ ಬಂದಿತ್ತು. ಕಂಟ್ರೋಲರಿನ ಪ್ರಾಮ್ ಚಿಪ್ಪುಗಳು ಹದಿನಾರರವಾದರೆ ಹದಿಮೂರರ ಡಿಸ್ಕ್ ನೇರ ಬೂಟ್ ಆಗದು. ಹದಿನಾರು ಸೆಕ್ಟರಿನ ಡಿಸ್ಕಿನಲ್ಲಿ 35 ಟ್ರ್ಯಾಕ್, ಒಟ್ಟು 140 ಕೆ, ಅದರಲ್ಲಿ ಮೊದಲ ಮೂರು ಟ್ರ್ಯಾಕ್ ವ್ಯವಸ್ಥೆಗೇ ಮೀಸಲು. ಹಾಗಾಗಿ ಕಡತಗಳು ಓದಲು ಸಿಕ್ಕರೂ ಆ ಮೂರು ಟ್ರ್ಯಾಕಿನಲ್ಲಿ ಒಂದು ಸೆಕ್ಟರ್ ಕೆಟ್ಟಿದ್ದರೆ ಡಿಸ್ಕ್ ಬೂಟ್ ಆಗುವುದಿಲ್ಲ. ಇನ್ನೊಂದು ಪ್ರತಿಯಿಂದ ಪ್ರಯತ್ನಿಸಿ.

ಬೂಟ್ ಆಗಿ 44ಕೆ ಎಂದು ಬಂದರೆ ಸ್ಮೃತಿ ಹೆಚ್ಚಿಸುವ ಲಾಂಗ್ವೇಜ್ ಕಾರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಸಂಖ್ಯೆ ಡಿಸ್ಕಿನಲ್ಲಿರುವ ವ್ಯವಸ್ಥೆಯದು. 2.20 ಆವೃತ್ತಿಯಲ್ಲಿ ಸಿಪಿಎಂ56 ಎಂಬ ಪ್ರೋಗ್ರಾಂ ನಡೆಸಿ ಡಿಸ್ಕನ್ನು 56ಕೆಗೆ ಏರಿಸಬೇಕು. ಏರಿಸಿದ ಮೇಲೆ ಬೂಟ್ ನಿಂತರೆ ಆಗ ಟೂ ಪ್ಲಸ್ಸಿನಲ್ಲಿ 0ನೇ ಸ್ಲಾಟಿನ ಲಾಂಗ್ವೇಜ್ ಕಾರ್ಡನ್ನು ನೋಡಿ.

ಟೂಇ ಯಂತ್ರದಲ್ಲಿ 80 ಕಾಲಂ ಕಾರ್ಡ್ ಆಕ್ಸಿಲರಿ ಸ್ಲಾಟಿನಲ್ಲಿದ್ದರೆ 3ನೇ ಸ್ಲಾಟ್ ಖಾಲಿಯಿರಲಿ, ಸಾಫ್ಟ್‌ಕಾರ್ಡನ್ನು ಅಲ್ಲಿ ಹಾಕಲೇಬೇಡಿ. ವೇಗವರ್ಧಕ ಕಾರ್ಡುಗಳು ಡಿಎಂಎಯನ್ನೇ ಬಳಸುತ್ತವೆ. ಹುಡುಕಾಟ ಮುಗಿಯುವವರೆಗೆ ಅವು ಹೊರಗಿರಲಿ. ಉಳಿದ ಕಾರ್ಡುಗಳನ್ನು ಒಂದು ಸಲಕ್ಕೆ ಒಂದರಂತೆ ಸೇರಿಸುತ್ತ ಬನ್ನಿ.

ಎ> ಎಂಬ ಸಿಪಿ/ಎಂ ಸೂಚನೆ ಬಂದ ಮೇಲೆ ಅದು ಯಾವ ಸ್ಲಾಟಿನಲ್ಲಿ ಏನನ್ನು ಕಂಡಿದೆ ಎಂದು ಡಿಡಿಟಿ ಎಂಬ ದೋಷ ಹುಡುಕುವ ಪ್ರೋಗ್ರಾಮಿನಿಂದ ತಿಳಿಯಿರಿ. ಡಿಡಿಟಿ ನಡೆಸಿ, ಡಿ ಆದೇಶದಿಂದ ಎಫ್3ಬಿ9ರಿಂದ ಎಫ್3ಬಿಎಫ್‌ವರೆಗೆ ನೋಡಿ. ಏಳು ಬೈಟ್, 1ರಿಂದ 7ರ ಸ್ಲಾಟಿಗೆ ಒಂದೊಂದು. 6ನೇ ಸ್ಲಾಟಿನ ಡಿಸ್ಕ್ ಕಂಟ್ರೋಲರಿಗೆ 02, ಖಾಲಿ ಸ್ಲಾಟಿಗೆ 00. ಸಾಫ್ಟ್‌ಕಾರ್ಡಿನಲ್ಲಿ ರಾಮ್ ಇಲ್ಲದ್ದರಿಂದ ಅದರ ಸ್ಲಾಟೂ 00 ತೋರಿಸುತ್ತದೆ. ಪ್ರಿಂಟರ್ ಕಾರ್ಡ್ ಇದ್ದೂ 1ನೇ ಸ್ಲಾಟಿನಲ್ಲಿ 00 ಬಂದರೆ ಆ ಕಾರ್ಡಿನ ರಾಮ್ ಓದಲು ಸಿಗುತ್ತಿಲ್ಲ. ಎಫ್3ಡಿಇಯಿಂದ ಎರಡು ಬೈಟ್ ನೋಡಿದರೆ ಸಾಫ್ಟ್‌ಕಾರ್ಡಿನ ವಿಳಾಸ: 4ನೇ ಸ್ಲಾಟಿಗೆ 00 ಇ4.

ಡಿಸ್ಕ್ ಬದಲಿಸಿದ ಮೇಲೆ ಬರೆಯಲು ಹೋದಾಗ ಆರ್/ಓ (ಓದಲು ಮಾತ್ರ) ಎಂಬ ತಪ್ಪು ಬಂದರೆ ಅದು ಕಾರ್ಡಿನದೂ ಅಲ್ಲ, ಡ್ರೈವಿನದೂ ಅಲ್ಲ. ಸಿಪಿ/ಎಂ 2.2ರಲ್ಲಿ ಡಿಸ್ಕ್ ಬದಲಿಸಿದಾಗ ಕಂಟ್ರೋಲ್-ಸಿ ಒತ್ತಲೇಬೇಕು. ಪರದೆಯಲ್ಲಿ ಕರ್ಸರ್ ದಿಕ್ಕು ತಪ್ಪಿ ವರ್ಡ್‌ಸ್ಟಾರ್ ಚೆಲ್ಲಾಪಿಲ್ಲಿಯಾದರೆ ಕಾನ್ಫಿಗ್‌ಐಓ ಎಂಬ ಪ್ರೋಗ್ರಾಮಿನಲ್ಲಿ ಟರ್ಮಿನಲ್ ಬಗೆಯನ್ನು ಸರಿಪಡಿಸಿ.

ಝಡ್80 ಬದಲಿಸಲೇಬೇಕಾದರೆ

ಗಡಿಯಾರ, ರೀಸೆಟ್, 5 ವೋಲ್ಟ್ ಮೂರೂ ಸರಿಯಿದ್ದು 27ನೇ ಕಾಲಿನಲ್ಲಿ ಮಿಡಿತವೇ ಇಲ್ಲದಿದ್ದರೆ, 24 ಮತ್ತು 25ನೇ ಕಾಲುಗಳು ಕೆಳಗೆ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಂಡು ಚಿಪ್ ಬದಲಿಸಿ. 4 ಮೆಗಾಹರ್ಟ್ಸ್‌ನ ಝಡ್80ಎ ಧಾರಾಳ ಸಾಕು. ಜಿಲಾಗ್ 40 ಕಾಲಿನ ಝಡ್84ಸಿ00 ಚಿಪ್ಪಿನ ಕೊನೆಯ ಆರ್ಡರುಗಳನ್ನು 2024ರ ಜೂನ್‌ವರೆಗೆ ಮಾತ್ರ ತೆಗೆದುಕೊಂಡಿತು, ಹಾಗಾಗಿ ಈಗ ಸಿಗುವುದರಲ್ಲಿ ಹಳೆಯ ದಾಸ್ತಾನೂ ಮೇಲ್ಮೈ ಉಜ್ಜಿ ಹೊಸ ಹೆಸರು ಅಚ್ಚೊತ್ತಿದ ಚಿಪ್ಪುಗಳೂ ಬೆರೆತಿವೆ. ಅಸಿಟೋನ್ ತಾಗಿಸಿದ ಹತ್ತಿಗೆ ಅಕ್ಷರಗಳು ಅಂಟಿಕೊಂಡು ಬಂದರೆ ಅಂಥದ್ದನ್ನು ಮೊದಲು ಬೇರೆ ಬೋರ್ಡಿನಲ್ಲಿ ಪರೀಕ್ಷಿಸಿ. ಬೋರ್ಡಿಗೇ ಬೆಸುಗೆ ಹಾಕಿದ ಚಿಪ್ಪಾದರೆ ಹಳೆಯದರ ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆಯಿರಿ, ಬೋರ್ಡಿನ ತಾಮ್ರದ ಗೆರೆ ಕಿತ್ತುಬರುವುದಿಲ್ಲ. ಆ ಜಾಗಕ್ಕೆ 40 ಕಾಲಿನ ಸಾಕೆಟ್ ಹಾಕಿ, ಹೊಸ ಚಿಪ್ ಕೂರಿಸುವ ಮುನ್ನ ಖಾಲಿ ಸಾಕೆಟ್ಟಿನ 11 ಮತ್ತು 29ರ ನಡುವೆ ವೋಲ್ಟೇಜ್ ಇನ್ನೊಮ್ಮೆ ಅಳೆಯಿರಿ.